ದತ್ತು ಹೋದ ನಮ್ಮ ಸ್ಟ್ರೆಚರ್

ತುರ್ತು ಚಿಕಿತ್ಸಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಚಾಮರಾಜಪೇಟೆಯ ತಮ್ಮ ಆಸ್ಪತ್ರೆಯ ಅಂಗಳದಿಂದ, ಅಂದರೆ ತಮ್ಮ ಕಿಟಕಿಯ ನೇರ ಕೆಳಗಿನಿಂದ, ಆಂಬುಲೆನ್ಸ್ ಚಾಲಕ ನಂಜಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ, ಬೆಳಗ್ಗೆ ಬಂದವನು ಇನ್ನೂ ಇಲ್ಲೇ ಇದ್ದೇನೆ.

ಬಸವನಗುಡಿಯ ಜಾನಕಮ್ಮನವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರೆಂದು ನಾವು ಸೈರನ್ ಹೊಡೆದುಕೊಂಡು ಹಾರಿಬಂದದ್ದು ನಮ್ಮದೇ ದುಡುಕು. ಬಾಗಿಲಲ್ಲೇ ಸಿಸ್ಟರ್ ಹನುಮಕ್ಕನವರು, "ಬೆಡ್ ಖಾಲಿ ಇಲ್ಲ, ನಿಮ್ ಸ್ಟ್ರೆಚರಲ್ಲೇ ಇರ್ಲಿ ಬಿಡಿ" ಎಂದು ಅಭಯವಿತ್ತರು. ಆಗಿನಿಂದ ನಮ್ಮ ಸ್ಟ್ರೆಚರ್ ತಮ್ಮ ಕಾರಿಡಾರಿನಲ್ಲಿ ಮನೆಯಳಿಯನ ಹಾಗೆ ಹಾಯಾಗಿದೆ. ಅದಿಲ್ಲದ ಆಂಬುಲೆನ್ಸ್ ಬರೀ ಸೈರನ್ ಇರುವ ಟೆಂಪೋ ಆದ್ದರಿಂದ, ಅದು ಹೊರಬರುವ ತನಕ ನಾನೂ ತಮ್ಮ ಅತಿಥಿ.

ಸಲೈನ್ ಬಾಟಲಿ ತೂಗುಹಾಕಲು ಕೊಕ್ಕೆ ಸಿಗದೆ, ನನ್ನ ಸಹೋದ್ಯೋಗಿ ಕೈಲಾಸ್ ಆ ಕೊಕ್ಕೆಯ ಹುದ್ದೆಯನ್ನು ಅಲಂಕರಿಸಿದ್ದಾನೆ. ರೌಂಡ್ಸಿಗೆ ಬಂದ ತಮ್ಮ ವೈದ್ಯರು ಅವನನ್ನು ಜಾನಕಮ್ಮನವರ ಮಗನೆಂದೇ ತಿಳಿದು, "ವಯಸ್ಸಾದ ತಾಯಿನ ಹೀಗಾ ನೋಡ್ಕೊಳ್ಳೋದು?" ಎಂದು ಚೆನ್ನಾಗಿ ಬೈದರು. ಆಕೆಗೋ ಅದು ಬಹಳ ಹಿಡಿಸಿ, "ಹೋಗ್ಲಿ ಬಿಡಿ ಡಾಕ್ಟ್ರೇ, ಒಳ್ಳೆ ಹುಡುಗ" ಎಂದು ವಕಾಲತ್ತು ವಹಿಸಿದರಂತೆ. ಮಧ್ಯಾಹ್ನ ತಮ್ಮವರು ನಮ್ಮ ಸ್ಟ್ರೆಚರಿಗೆ ಆಸ್ಪತ್ರೆಯ ಬೆಡ್ ನಂಬರನ್ನೂ ಅಂಟಿಸಿ, ದತ್ತು ಸ್ವೀಕಾರವನ್ನು ಸಾಂಗವಾಗಿ ಮುಗಿಸಿದ್ದಾರೆ.

ಇಷ್ಟರಲ್ಲಿ ಕಂಟ್ರೋಲ್ ರೂಮಿನಿಂದ ಕರೆ: ಓಕಳಿಪುರಂನಲ್ಲಿ ಚಂದ್ರಶೇಖರಯ್ಯ ಎಂಬುವರಿಗೆ ಎದೆನೋವು, ಹತ್ತಿರ ಇರುವವರು ನೀವೇ, ಹೊರಡಿ. ಗಾಡಿ ಇದೆ, ಡೀಸೆಲ್ ಇದೆ, ನಾನಿದ್ದೇನೆ, ಹೊರಡುವಂತಿಲ್ಲ. ನನ್ನ ಹಿಂದೆ ಸಾಲುಗಟ್ಟಿದ ಗಾಡಿಗಳ ಸ್ಟ್ರೆಚರುಗಳೂ ತಮ್ಮ ಆತಿಥ್ಯದಲ್ಲೇ ಇವೆ. ಬೇರೆ ದಾರಿ ನೋಡಿಕೊಳ್ಳಿ ಎನ್ನಲು ಚಂದ್ರಶೇಖರಯ್ಯನವರ ಮನೆಗೆ ಫೋನ್ ಮಾಡಿದರೆ, ಅವರ ಹೆಂಡತಿ ನಾನು ಬಾಯಿ ಬಿಡುವ ಮೊದಲೇ "ಹೊರಟ್ರಾ ಅಣ್ಣಾ?" ಎಂದರು. ತಮಾಷೆ ಬಿಟ್ಟು ಹೇಳುತ್ತೇನೆ ಸ್ವಾಮಿ, "ನಮ್ಮನ್ನ ಕಾಯ್ಬೇಡಿ ತಾಯಿ, ಸಿಕ್ಕಿದ ಆಟೋ ಹತ್ತಿಸ್ಕೊಂಡು ಬನ್ನಿ" ಎಂದು ಹೇಳಿ ಫೋನ್ ಇಟ್ಟೆ.

ಆದಕಾರಣ ಬಿನ್ನಹವೇನೆಂದರೆ, ಜಾನಕಮ್ಮನವರಿಗೊಂದು ಬೆಡ್ ದಯಪಾಲಿಸಬೇಕು. ಅದು ಕಷ್ಟವಾದರೆ, ಬೆಡ್ ಖಾಲಿಯಾಗುವವರೆಗೆ ಊರಿನಲ್ಲಿ ಯಾರಿಗೂ ಎದೆನೋವು ಬರತಕ್ಕದ್ದಲ್ಲವೆಂದು ತಾವು ಸುತ್ತೋಲೆ ಹೊರಡಿಸಬೇಕು. ಅದೂ ಆಗದಿದ್ದರೆ, ನನ್ನ ಗಾಡಿಯ ಚಕ್ರಗಳನ್ನು ಬಿಚ್ಚಿಸಿ ಅದನ್ನೇ ಹೊಸ ವಾರ್ಡೆಂದು ಘೋಷಿಸಿ, ತಮ್ಮ ಅಮೃತಹಸ್ತದಿಂದ ಟೇಪು ಕತ್ತರಿಸಬೇಕು. ಕತ್ತರಿ ನಮ್ಮಲ್ಲೇ ಇದೆ.

ಇತಿ,
ತಮ್ಮ ಅಂಗಳ ಬಿಟ್ಟು ಕದಲಲಾರದ ವಿಶ್ವಾಸಿ,
ನಂಜಪ್ಪ

ಮರೆತ ಮಾತು: ಚಂದ್ರಶೇಖರಯ್ಯನವರು ಈಗತಾನೆ ಆಟೋದಲ್ಲಿ, ಹೆಂಡತಿಯ ಹೆಗಲಿಗೆ ಒರಗಿಕೊಂಡು, ತಮ್ಮಲ್ಲಿಗೇ ಬಂದರು. ದೇವರ ದಯೆ, ಉಸಿರಾಡುತ್ತಿದ್ದಾರೆ. ಅವರನ್ನು ಇಳಿಸಿಕೊಳ್ಳಲು ತಮ್ಮ ಸಿಬ್ಬಂದಿ ಓಡೋಡಿ ನನ್ನ ಹತ್ತಿರ ಬಂದು, "ಅಣ್ಣಾ, ಬೇಗ ಒಂದ್ ಸ್ಟ್ರೆಚರ್ ಕೊಡಿ" ಎಂದು ಕೇಳುತ್ತಿದ್ದಾರೆ.