ನಾಲ್ಕು ಚಕ್ರಕ್ಕೆ ನಾಲ್ಕು ಎಲೆ

ಲೋಕಯ್ಯನಿಗೆ ವರ್ಷಕ್ಕೊಂದು ಬುದ್ಧಿ ಹೊಳೆಯುತ್ತಿತ್ತು. ಹೋದ ವರ್ಷ ಹೊಳೆದದ್ದು ಲಾರಿ ಕೊಳ್ಳುವ ಬುದ್ಧಿ. ಈ ವರ್ಷ ಹೊಳೆದದ್ದು ಬಾಳೆಲೆಯ ಬುದ್ಧಿ. ಎರಡರಲ್ಲಿ ಯಾವುದು ಹೆಚ್ಚು ಎಡವಟ್ಟಿನದು ಎಂದು ಅವನ ಹೆಂಡತಿ ಅಪ್ಪಿಯನ್ನು ಕೇಳಿದರೆ, "ಈ ವರ್ಷ ಇನ್ನೂ ಮುಗಿಯಲಿಲ್ಲ ಅಲ್ವಾ" ಎನ್ನುತ್ತಿದ್ದಳು.

ಆ ಲಾರಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜಿಗೆ ಹಾಕಿದ್ದು. ಕಾಗದದಲ್ಲಿ ಅದರ ಹೆಸರು ಪಿಕಪ್ಪು. ಎದುರಿಗೆ ಇಬ್ಬರು ಕೂರುವಷ್ಟು ಗೂಡು, ಹಿಂದೆ ತೆರೆದ ತೊಟ್ಟಿ. ಆದರೆ ಕದ್ರಿಯ ಗುಡ್ಡದ ಬದಿಯ ಲೋಕಯ್ಯನ ಅಂಗಳಕ್ಕೆ ಬಂದ ದಿನದಿಂದ ಅದು ಲಾರಿಯೇ. "ಪಿಕಪ್ಪು ಅಂದ್ರೆ ಯಾರು ಬದಿಗೆ ಸರೀತಾರೆ? ಲಾರಿ ಅಂದ್ರೆ ಸರೀತಾರೆ" ಎಂಬುದು ಅವನ ವಾದ. (ಸರಿಯುತ್ತಿದ್ದರು, ಸುಳ್ಳಲ್ಲ. ಅದರ ಬ್ರೇಕು ಹಿಡಿಯುವುದಿಲ್ಲ ಎಂಬುದು ಕದ್ರಿಗೆಲ್ಲ ಗೊತ್ತಿತ್ತು.)

ಆ ಭಾನುವಾರ ನಾಲ್ಕು ಗಂಟೆಗೆ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರು ತಾರಾನಾಥರು ಲಾರಿ ಪರೀಕ್ಷೆಗೆ ಬರುವವರಿದ್ದರು. ಗುಡ್ಡದ ಇಳಿಜಾರಿನಲ್ಲಿ ಬಿಟ್ಟು ನೋಡುವುದು. ನಿಂತರೆ ಕಾರ್ಖಾನೆಯ ಹಂಚನ್ನು ಬಂದರಿಗೆ ಸಾಗಿಸುವ ಕೆಲಸ ಲೋಕಯ್ಯನದು. ನಿಲ್ಲದಿದ್ದರೆ ಲಾರಿ ಅಂಗಳದಲ್ಲೇ ಕೋಳಿಗೂಡು. ಕೋಳಿಗಳಂತೂ ಆಗಲೇ ಎರಡು ಸಲ ಒಳಗೆ ಹೋಗಿ ಜಾಗ ನೋಡಿಕೊಂಡು ಬಂದಿದ್ದವು.

ಬ್ರೇಕಿನ ಪೆಡ್ಲು ತುಳಿದರೆ ನೆಲಕ್ಕೆ ಹೋಗಿ ಮುಟ್ಟುತ್ತಿತ್ತು. ಡಬ್ಬಿಗೆ ಬೆಳಿಗ್ಗೆ ಬ್ರೇಕಿನ ಎಣ್ಣೆ ತುಂಬಿದರೆ ಸಂಜೆಗೆ ಖಾಲಿ. ನಾಲ್ಕು ಚಕ್ರದಲ್ಲಿ ಯಾವುದೋ ಒಂದರಿಂದ ಸೋರುತ್ತಿದೆ ಎಂದು ಲೋಕಯ್ಯನಿಗೂ ಗೊತ್ತಿತ್ತು. ಯಾವುದರಿಂದ? ಅಂಗಳದ ಮಣ್ಣು ಬಿದ್ದ ಹನಿಯನ್ನೆಲ್ಲ ಕುಡಿದು, ಬಾಯಿ ಒರೆಸಿಕೊಂಡು ಸುಮ್ಮನಿರುತ್ತಿತ್ತು.

ಆಗ ಹೊಳೆಯಿತು ನೋಡಿ, ಆ ಮಹಾಬುದ್ಧಿ! ಬಾಳೆಲೆ ಎಣ್ಣೆ ಕುಡಿಯುವುದಿಲ್ಲ. ಬಚ್ಚಲಿನ ಹಿಂದಿನ ಬಾಳೆಯಿಂದ ನಾಲ್ಕು ಕುಡಿಎಲೆ ಕೊಯ್ದು, ತೊಳೆದು, ನಾಲ್ಕು ಚಕ್ರದ ಬುಡದಲ್ಲಿ ಒಂದೊಂದು ಹಾಸಿದ. ಪೆಡ್ಲನ್ನು ಇಪ್ಪತ್ತು ಸಲ ತುಳಿದ. ಹನಿ ಯಾವ ಎಲೆಯ ಮೇಲೆ ಕಂಡಿತೋ ಅದೇ ಕಳ್ಳ ಚಕ್ರ. ಹೆಂಗಸರಿಗೆ ಯಂತ್ರದ ಮಾತು ಹೇಳಿ ತಲೆ ಕೆಡಿಸುವುದು ಯಾಕೆಂದು ಯಾರಿಗೂ ಹೇಳದೆ, ಮೆಕ್ಯಾನಿಕ್ ಜೊಕಿಮನನ್ನು ಕರೆತರಲು ಹಂಪನಕಟ್ಟೆಗೆ ನಡೆದ.

ಮಧ್ಯಾಹ್ನ ಇಬ್ಬರೂ ಬಂದು ಬಗ್ಗಿ ನೋಡಿದರೆ, ನಾಲ್ಕು ಎಲೆಯ ಮೇಲೂ ಎಣ್ಣೆ! ಹನಿಯಲ್ಲ, ಹೊಳೆ. ಕೆಂಪಗೆ ಮಿರಮಿರ ಮಿಂಚುವ ಎಣ್ಣೆ.

"ಅಯ್ಯೋ ದೇವರೇ" ಎಂದು ಜೊಕಿಮ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. "ಲೋಕಯ್ಯಣ್ಣ, ನಾಲ್ಕೂ ಹೋಗಿದೆ ಮಾರಾಯ್ರೇ! ಪೂರಾ ಬಿಚ್ಚಬೇಕು. ಮೂರು ದಿವಸದ ಕೆಲಸ ಉಂಟು."

"ಮೂರು ದಿವಸವಾ? ನಾಲ್ಕು ಗಂಟೆಗೆ ರೈಟ್ರು ಬರ್ತಾರೆ!"

"ಬರಲಿ. ಬಂದು ಕೂತುಕೊಳ್ಳಲಿ."

ಲೋಕಯ್ಯ ಲೆಕ್ಕ ಹಾಕಿದ. ಡಬ್ಬಿಯಲ್ಲಿದ್ದದ್ದು ಒಂದು ಲೋಟದಷ್ಟು ಎಣ್ಣೆ. ಎಲೆಗಳ ಮೇಲೆ ಅದಕ್ಕಿಂತ ಹೆಚ್ಚಿತ್ತು. ಲಾರಿ ತಾನೇ ಎಣ್ಣೆ ಹೆರುತ್ತಿದೆಯೇ? ಹಾಕಿದ್ದು ಹಳದಿ, ಬಂದದ್ದು ಕೆಂಪು ಹೇಗೆ? "ಮಿಲಿಟರಿ ಗಾಡಿ ಅಲ್ವಾ, ಒಳಗೆ ಎಂತಾದ್ರೂ ಬೇರೆ ವ್ಯವಸ್ಥೆ ಇರಬಹುದು" ಎಂದು ತನಗೆ ತಾನೇ ಹೇಳಿಕೊಂಡ.

ಜೊಕಿಮ್ ಬೆರಳಲ್ಲಿ ಮುಟ್ಟಿದ. ಮೂಸಿದ. ಇನ್ನೊಮ್ಮೆ ಮೂಸಿದ.

"ಬ್ರೇಕ್ ಎಣ್ಣೆಗೆ ಹರಳೆಣ್ಣೆ ವಾಸನೆ ಬರ್ಬೇಕು. ಇದಕ್ಕೆ ಕೊತ್ತಂಬರಿ ವಾಸನೆ ಬರ್ತದೆ."

"ಎಂತ ಕೊತ್ತಂಬರಿ? ಸರಿ ನೋಡು ಮಾರಾಯ."

ಜೊಕಿಮ್ ಹಿಂದಿನ ಚಕ್ರದ ಎಲೆಯ ತುದಿಯಿಂದ ಬಿಳಿಯದೇನನ್ನೋ ಉಗುರಿನಲ್ಲಿ ಎತ್ತಿ ಬಿಸಿಲಿಗೆ ಹಿಡಿದ. "ಲೋಕಯ್ಯಣ್ಣ, ನಾನು ಮಿಲಿಟರಿ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಇದ್ದವ. ಬ್ರೇಕಿನಿಂದ ಅನ್ನದ ಅಗುಳು ಬರುವುದು ಇದೇ ಮೊದಲು ನೋಡುವುದು."

ಅಷ್ಟರಲ್ಲಿ ಅಪ್ಪಿ ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದಳು. ಮುಖದಲ್ಲಿ ದೊಡ್ಡ ಕೆಲಸ ಮಾಡಿ ಮುಗಿಸಿದ ಸಮಾಧಾನ.

"ಬಂದ್ರಾ? ಎಲೆ ತೆಗೀಲಿಕ್ಕೆ ಬರ್ತಾ ಇದ್ದೆ. ಎಲ್ಲ ಸರಿಯಾಯ್ತು, ನೀವು ಹೆದರಬೇಡಿ."

"ಎಂತ ಸರಿಯಾಯ್ತು?"

"ಅಗೆಲು! ದೈವಕ್ಕೆ ಎಲೆ ಹಾಕಿ ಬಡಿಸ್ತೇನೆ ಅಂತ ಹೇಳಿಕೊಂಡದ್ದು ನನಗೊಂದು ಮಾತು ಹೇಳ್ಬಾರದಿತ್ತಾ? ನಾಲ್ಕು ಕುಡಿಎಲೆ ತೊಳೆದು ಹಾಕಿ ಎದ್ದು ಹೋದ್ರೆ ಆಯ್ತಾ? ಎಲೆ ಹಾಕಿ ಅನ್ನ ಹಾಕದೆ ಬಿಡುವುದು ಉಂಟಾ? ಬಡಿಸುವುದು ಗಂಡಸರ ಕೆಲಸ, ನನಗೂ ಗೊತ್ತುಂಟು. ಮನೆಯಲ್ಲಿ ಗಂಡಸೇ ಇಲ್ಲದಿದ್ರೆ? ತಪ್ಪಾಯ್ತು ಅಂತ ತೆಂಗಿನಕಾಯಿ ಇಟ್ಟು, ರೈಟ್ರಿಗೆ ಅಂತ ಮಾಡಿದ ಕೋಳಿ ಗಸಿಯನ್ನೇ ನಾಲ್ಕು ಎಲೆಗೂ ಬಡಿಸಿದೆ. ಕೈ ಮುಗಿದು, ಅನ್ನ ಗಸಿ ಒಳಗೆ ತಂದಿಟ್ಟಿದ್ದೇನೆ. ಪ್ರಸಾದ ತಿನ್ನಿ, ಬನ್ನಿ."

ಲೋಕಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೈವದ ಹೆಸರು ಬಂದ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ. "ಅದು ಸೋರುವುದನ್ನು ನೋಡ್ಲಿಕ್ಕೆ ಹಾಕಿದ ಎಲೆ ಮಾರಾಯ್ತಿ!"

"ಸೋರುವುದನ್ನು ನೋಡ್ಲಿಕ್ಕೆ ಕುಡಿಎಲೆ ಯಾಕೆ? ಹರಿದ ಎಲೆ ಸಾಲದಾ?"

ಜೊಕಿಮ್ ಈ ವಾದಕ್ಕೆ ನಿಲ್ಲದೆ ಕೈ ತೊಳೆದು ಒಳಗೆ ನಡೆದ. ಅವನು ಮೊದಲು ಪ್ರಸಾದ ತಿಂದ.

ಆಮೇಲೆ ಅಪ್ಪಿಯೇ ಹರಿದ ಎಲೆ ತಂದು ಹಾಸಿದಳು. ಅರ್ಧ ಗಂಟೆಯಲ್ಲಿ ಹಿಂದಿನ ಎಡ ಚಕ್ರದ ಎಲೆಯ ಮೇಲೆ ಹಳದಿ ಹನಿ ಬಿತ್ತು, ಹರಳೆಣ್ಣೆ ವಾಸನೆಯ ಹನಿ. ಚಕ್ರ ಬಿಚ್ಚಿದರೆ, ಒಳಗೆ ಎಣ್ಣೆ ತಡೆಯುವ ರಬ್ಬರಿನ ಪುಟ್ಟ ಟೊಪ್ಪಿ ಹರಿದಿತ್ತು. ಜೊಕಿಮ್ ತನ್ನ ಚೀಲದಿಂದ ಬೇರೆ ಟೊಪ್ಪಿ ತೆಗೆದು ಹಾಕಿದ, ಎಣ್ಣೆಯಾದದ್ದನ್ನೆಲ್ಲ ಒರೆಸಿದ, ಚಕ್ರ ಕೂರಿಸಿದ.

"ಈಗ ಕೊಳವೆಯ ಒಳಗಿನ ಗಾಳಿ ತೆಗೀಬೇಕು" ಎಂದ. "ನಾನು ಚಕ್ರದ ಹತ್ತಿರ ತಿರುಪು ಬಿಚ್ಚುವುದು, ಲೋಕಯ್ಯಣ್ಣ ಬಾಟ್ಲಿ ಹಿಡಿಯುವುದು. ಮೇಲೆ ಕೂತು ಪೆಡ್ಲು ತುಳಿಯುವುದು ಯಾರು?"

ಉಳಿದವಳು ಅಪ್ಪಿ ಒಬ್ಬಳೇ. ಸೀರೆ ಎತ್ತಿ ಕಟ್ಟಿ, ಡ್ರೈವರನ ಜಾಗದಲ್ಲಿ ಪಟ್ಟದ ರಾಣಿಯ ಹಾಗೆ ಕೂತಳು.

"ತುಳೀರಿ ಅಕ್ಕ! ಹಿಡೀರಿ! ಈಗ ಬಿಡಿ!"

ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಬಂತು. ಹತ್ತು ಸಲ, ಹದಿನೈದು ಸಲ. ಆಗಲೇ ರೈಟರ ಕೊಡೆ ಬೇಲಿಯ ಆಚೆ ಕಾಣಿಸಿತು. ಲೋಕಯ್ಯ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿ ಎದ್ದು ನಿಂತ.

"ಬನ್ನಿ ರೈಟ್ರೇ! ಎಲ್ಲ ತಯಾರು. ಬ್ರೇಕು ಕಲ್ಲಿನ ಹಾಗೆ ಗಟ್ಟಿ ಉಂಟು."

"ಇಲ್ಲ, ಇನ್ನೂ ಮೆದು ಉಂಟು" ಎಂದಿತು ಲಾರಿಯೊಳಗಿನ ದನಿ.

"ಗಟ್ಟಿ!"

"ಮೆದು. ತುಳೀತಾ ಇರುವುದು ನಾನಾ, ನೀವಾ? ದೋಸೆ ಹಿಟ್ಟಿಗೆ ಕಾಲಿಟ್ಟ ಹಾಗಾಗ್ತದೆ."

ರೈಟರು ಕೊಡೆ ಮಡಚಿದರು. "ಜೊಕಿಮ್, ಇನ್ನೊಮ್ಮೆ ಬಿಚ್ಚು ನೋಡುವ." ಬಿಚ್ಚಿದ ಕೂಡಲೇ ಎಲ್ಲಕ್ಕಿಂತ ದೊಡ್ಡ ಗುಳ್ಳೆಯೊಂದು ಭುಸ್ಸೆಂದು ಹೊರಗೆ ಬಂತು. ಮತ್ತೂ ನಾಲ್ಕು ಸಲ ತುಳಿದ ಮೇಲೆ, "ಹಾಂ, ಈಗ ಕಡೆಯುವ ಕಲ್ಲು" ಎಂದು ಅಪ್ಪಿ ಇಳಿದು ಒಳಗೆ ಹೋದಳು.

ರೈಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೋಕಯ್ಯ ಬಿಟ್ಟ ಲಾರಿ ಇಳಿಜಾರಿನ ಅರ್ಧದಲ್ಲಿ ನಿಲ್ಲು ಎಂದಲ್ಲಿ ನಿಂತಿತು. ರೈಟರ ತಲೆಯ ಟೊಪ್ಪಿ ಮಾತ್ರ ಮುಂದೆ ಹೋಯಿತು.

"ಕೆಲಸ ನಿನ್ನದೇ ಲೋಕಯ್ಯ" ಎಂದರು, ಟೊಪ್ಪಿ ಕೊಡವುತ್ತ. "ಆದರೆ ಒಂದು ಮಾತು. ನಿನ್ನ ಬಾಯಿಯನ್ನು ನಂಬಿ ಹಂಚು ತುಂಬಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ದಿನಾ ಬೆಳಿಗ್ಗೆ ನಿನ್ನ ಹೆಂಡತಿ ಪೆಡ್ಲು ತುಳಿದು ಗಟ್ಟಿ ಅಂತ ಹೇಳಿದ್ರೆ ಮಾತ್ರ ಲಾರಿ ಹೊರಡ್ಬೇಕು."

ಅಂದಿನಿಂದ ಲಾರಿಯ ಯಜಮಾನ ದಿನಾ ಬೆಳಿಗ್ಗೆ ತುಳಸಿಕಟ್ಟೆಯ ಹತ್ತಿರ ಕೈಕಟ್ಟಿ ನಿಲ್ಲುತ್ತಾನೆ. ಅಪ್ಪಿ ಒಲೆಯ ಕೆಲಸ ಬಿಟ್ಟು ಬಂದು, ತುಳಿದು, ಅಪ್ಪಣೆ ಕೊಟ್ಟು ಹೋಗುತ್ತಾಳೆ.

ಒಂದು ತಿಂಗಳು ಸುಸೂತ್ರ. ಆಮೇಲೊಂದು ದಿನ ನೆಂಟರ ಎದುರು, ಅಪ್ಪಿ ಬೇಯಿಸಿದ ಅಕ್ಕಿಯುಂಡೆ ಮುರಿಯುತ್ತ, ಲೋಕಯ್ಯನ ಬಾಯಿಂದ, "ನಮ್ಮ ಮನೆಯ ಪುಂಡಿ ಎಸೆದ್ರೆ ನಾಯಿಗೆ ಗಾಯ ಆಗ್ತದೆ" ಎಂಬ ಮಾತು ಜಾರಿತು. ಮರುದಿನ ಅಪ್ಪಿ ಪೆಡ್ಲು ತುಳಿದು, ಆಕಾಶ ನೋಡಿ, "ಸ್ವಲ್ಪ ಮೆದು ಉಂಟು" ಎಂದಳು.

ಲೋಕಯ್ಯ ಲಾರಿಯ ಅಡಿಗೆ ನುಗ್ಗಿದ. ನಾಲ್ಕು ಚಕ್ರವೂ ಒಣ ಒಣ. ಡಬ್ಬಿ ತುಂಬ ಎಣ್ಣೆ. ತಾನೇ ತುಳಿದು ನೋಡಿದ, ಅವನ ಕಾಲಿಗೆ ಏನೂ ತಿಳಿಯಲಿಲ್ಲ. ಕಾರ್ಖಾನೆಯಲ್ಲಿ ಹಂಚು ಕಾಯುತ್ತಿತ್ತು.

"ಅಪ್ಪಿ, ನಿಜ ಹೇಳು. ಬ್ರೇಕು ಮೆದುವಾ, ಅಲ್ಲ ನಿನ್ನೆಯ ಮಾತಿಗಾ?"

"ನನಗೆಂತ ಗೊತ್ತು? ಕಾಲು ಹೇಳಿದ್ದನ್ನು ನಾನು ಹೇಳಿದೆ" ಎಂದು ಅವಳು ಅಡಿಗೆಮನೆಗೆ ಹೋದಳು. ಅಲ್ಲಿ ಒಲೆಯ ಮೇಲೆ ಪುಂಡಿ ಬೇಯುತ್ತಿತ್ತು.

ಲೋಕಯ್ಯ ಕೈಕಾಲು ತೊಳೆದು ಒಳಗೆ ಹೋಗಿ ಮಣೆಯ ಮೇಲೆ ಕೂತ. ಹತ್ತಿಯಂತಿದೆ, ಬೆಣ್ಣೆಯಂತಿದೆ ಎನ್ನುತ್ತ ಏಳು ಪುಂಡಿ ತಿಂದ. ಎಂಟನೆಯದಕ್ಕೆ ಬ್ರೇಕು ಗಟ್ಟಿಯಾಯಿತು.