ಗ್ಲಾಸ್ಗೋದಿಂದ ಬಂದ ಇಂಗ್ಲಿಷು

ಹಳ್ಳಿಗಾಡಿನ ಇಂಗ್ಲಿಷ್ ಮಾಸ್ತರನಿಗೆ ಒಂದು ದೊಡ್ಡ ಸುಖವಿದೆ: ಅವನ ತಪ್ಪು ಹಿಡಿಯುವವರು ಸುತ್ತಮುತ್ತ ಯಾರೂ ಇರುವುದಿಲ್ಲ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಆ ಸುಖವನ್ನು ನಾನು ಬಹಳ ವರ್ಷ ನಿಶ್ಚಿಂತೆಯಿಂದ ಅನುಭವಿಸಿದೆ. ನನಗೆ ಇಂಗ್ಲಿಷ್ ಕಲಿಸಿದವರು ರಾಮದುರ್ಗದ ನಮ್ಮ ಗುರುಗಳು. ಅವರ ಬಾಯಲ್ಲಿ ಸ್ಕೂಲು ‘ಇಸ್ಕೂಲ’, ಫಿಲ್ಮು ‘ಫಿಲಮ್ಮು’. ಅದನ್ನೇ ನಾನು ಒಂದಕ್ಷರವೂ ಸೋರಿಹೋಗದಂತೆ ಮುಂದಿನ ಪೀಳಿಗೆಗೆ ದಾಟಿಸುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಜೂನಿನಲ್ಲಿ ರೇಷ್ಮಾ ಬಂದಳು. ಅವಳ ಅಪ್ಪ ಇಮಾಮಸಾಬ ನಮ್ಮ ಓಣಿಯವನೇ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಸ್ಸು ಓಡಿಸುತ್ತಿದ್ದವನು ಯರಗಟ್ಟಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕುತ್ತೇನೆಂದು ಸಂಸಾರ ಸಮೇತ ಮರಳಿದ್ದ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಒಂಬತ್ತನೆಯ ತರಗತಿಗೆ ಸೇರಿಸುವಾಗ ಇಮಾಮಸಾಬ, “ಸರ, ಇಂಗ್ಲಿಷಿನ ಚಿಂತಿ ಇಲ್ರಿ. ಕನ್ನಡ ಒಂದೀಟ ನೋಡ್ಕೊಳ್ರಿ” ಎಂದ. ನನ್ನ ಚಿಂತೆಯೆಲ್ಲ ಇಂಗ್ಲಿಷಿನದೇ ಎಂದು ಅವನಿಗೆ ಹೇಗೆ ಹೇಳಲಿ? ಅಂದು ಸಂಜೆ ಮನೆಯಲ್ಲಿ ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರೆ ನನ್ನ ಹೆಂಡತಿ ಅಡುಗೆಮನೆಯಿಂದಲೇ, “ಪರೀಕ್ಷಾ ಹುಡುಗೂರಿಗೋ, ನಿಮಗೋ?” ಎಂದಳು.

ಮರುದಿನ ಕ್ಲಾಸಿನಲ್ಲಿ ಯಾರೋ ರಾಜರ ಕಾಳಗದ ಪಾಠ. ಅರ್ಧಕ್ಕೆ ಬಂದಿದ್ದೆ, ರೇಷ್ಮಾ ಎದ್ದು ನಿಂತು ಏನೋ ಕೇಳಿದಳು. ಆ ಪ್ರವಾಹದಲ್ಲಿ ನನ್ನ ಕೈಗೆ ಸಿಕ್ಕಿದ್ದು ಒಂದೇ ಶಬ್ದ, ‘ವಾರ್’. “ಯಸ್, ವಾರ್ ಈಜ್ ವೆರಿ ಬ್ಯಾಡ್, ಸಿಟ್ ಡೌನ್” ಎಂದೆ. ಹುಡುಗಿ ಕಂಗಾಲಾಗಿ ಕುಳಿತಳು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಳು, ಮತ್ತೆ ಅದೇ ವಾರ್. ಯುದ್ಧದಿಂದ ಹೆಂಗಸರು ಮಕ್ಕಳಿಗಾಗುವ ಕಷ್ಟವನ್ನು ನಾನು ವಿಸ್ತಾರವಾಗಿ ವಿವರಿಸಿದೆ. ಕೊನೆಗೆ ಅವಳು ಕೆಮ್ಮುತ್ತ ಕನ್ನಡಕ್ಕಿಳಿದಳು: “ಸರ, ನೀರ್ ಕುಡೀಲೇನ್ರಿ?”

ಗ್ಲಾಸ್ಗೋದಲ್ಲಿ ‘ವಾಟರ್’ ಎನ್ನುವಾಗ ನಡುವಿನ ಟಕಾರವನ್ನು ನುಂಗಿಬಿಡುತ್ತಾರಂತೆ. ನುಂಗಿದ್ದನ್ನೆಲ್ಲ ಸರಿದೂಗಿಸುವ ಹಾಗೆ ರಕಾರವನ್ನು ಮಾತ್ರ ನಮ್ಮ ‘ಬರ್ರಿ, ಕುಂದರ್ರಿ’ಗಿಂತ ಜೋರಾಗಿ ಉರುಳಿಸುತ್ತಾರೆ. ಹೌದು ಎನ್ನಲು ‘ಆಯ್’ ಎನ್ನುತ್ತಾರೆ. ಏನು ಕೇಳಿದರೂ ಇವಳು ‘ಆಯ್ತು’ ಎನ್ನುತ್ತಾಳೆಂದು ತಿಳಿದು ಜೊತೆಯ ಹುಡುಗಿಯರು ತಮ್ಮ ಪಾಲಿನ ಕಸ ಗುಡಿಸುವ ಕೆಲಸವನ್ನೂ ಅವಳಿಗೇ ವಹಿಸಿಬಿಟ್ಟಿದ್ದರು.

ನಮ್ಮ ಹೆಡ್‌ಮಾಸ್ತರರಿಗೆ ಮಾತ್ರ ಎಲ್ಲಿಲ್ಲದ ಹುರುಪು. ಸವದತ್ತಿಯಲ್ಲಿ ಇಂಗ್ಲಿಷ್ ಭಾಷಣ ಸ್ಪರ್ಧೆಯಿತ್ತು, ಗೆದ್ದ ಶಾಲೆಗೆ ಬಹುಮಾನವಾಗಿ ಒಂದು ಢಾಲು. “ಢಾಲು ನಮ್ಮದ ಅಂತ ತಿಳೀರಿ” ಎಂದು ನನ್ನನ್ನೂ ರೇಷ್ಮಾಳನ್ನೂ ಬಸ್ಸು ಹತ್ತಿಸಿದರು. ಅಣೆಕಟ್ಟಿನ ನೆರೆಯ ಊರಲ್ಲವೇ, ಅಲ್ಲಿ ಕೊಟ್ಟ ವಿಷಯ ‘ನೀರು’. ಹುಡುಗಿ ಕೈ ಬೀಸಿ, ಕಣ್ಣರಳಿಸಿ, ಚೀಟಿ ನೋಡದೆ ಮಾತಾಡಿದಳು. ಸಭೆಯ ಹಿಂದಿನ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು. ಬಹುಮಾನ ಬಾಯಿಪಾಠ ಒಪ್ಪಿಸಿದ ಇನ್ನೊಬ್ಬಳಿಗೆ ಹೋಯಿತು. ತೀರ್ಪುಗಾರರು ನನ್ನನ್ನು ಬದಿಗೆ ಕರೆದು, “ಧೈರ್ಯ ಭಾಳ ಛಲೋ ಐತ್ರಿ ಹುಡುಗೀದು. ಆದ್ರ ನೀರಿನ ಮ್ಯಾಲೆ ಮಾತಾಡು ಅಂದ್ರ ಯುದ್ಧದ ಮ್ಯಾಲೆ ಮಾತಾಡಿದ್ಲಲ್ರಿ!” ಎಂದರು. ಅವರಿಗೆ ತಿಳಿಸಿ ಹೇಳಲು ಹೋದೆ. ಅಷ್ಟರಲ್ಲಿ ಅವರಿಗೆ ಚಹಾ ಬಂತು.

ಮರಳುವಾಗ ಬಸ್ಸಿನಲ್ಲಿ ರೇಷ್ಮಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಬಸ್ಸು ಊರು ದಾಟಿದ ಮೇಲೆ, “ಅಲ್ಲಿ ಮೊದಲ ನಾ ಅಮ್ಮೀ ಹಂಗ ಇಂಗ್ಲಿಷ್ ಮಾತಾಡ್ತಿದ್ದೆ, ಸಾಲ್ಯಾಗ ಎಲ್ಲಾರೂ ನಗತಿದ್ರು. ಅದಕ್ಕ ಅವರ ಹಂಗ ಕಲ್ತೆ. ಈಗ ಇಲ್ಲೂ ನಗತಾರ. ನನ್ನ ಇಂಗ್ಲಿಷ್ ಯಾವ ಊರಾಗ ನಡೀತೈತ್ರಿ, ಸರ?” ಎಂದಳು.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. “ಸಾಲಿ ಒಲ್ಲೆ ಅಂತಾಳ್ರಿ” ಎಂದು ಇಮಾಮಸಾಬ ತಲೆಯ ಮೇಲೆ ಕೈಹೊತ್ತು ಬಂದ. ನಾನೇ ಅವರ ಮನೆಗೆ ಹೋದೆ. ಬುದ್ಧಿವಾದ ಹೇಳಬೇಕೆಂದು ಹೋದವನು, ಧಾರವಾಡದ ಕಾಲೇಜಿನಲ್ಲಿ ನನ್ನ ‘ಇಸ್ಕೂಲ’ ಕೇಳಿ ಇಡೀ ಕ್ಲಾಸು ನಕ್ಕದ್ದನ್ನು, ಆ ವರ್ಷವೆಲ್ಲ ನಾನು ಬಾಯಿ ತೆರೆಯದೆ ಕಳೆದದ್ದನ್ನು ಹೇಳಿದೆ. “ಇನ್ನೊಮ್ಮೆ ಅನ್ರಿ ಸರ” ಎಂದಳು. ಅಂದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಮೂಲೆಯಲ್ಲಿದ್ದ ಅವಳ ಅಜ್ಜಿ, “ಇಬ್ರೂ ಇಂಗ್ಲಿಷ್ ಮಾತಾಡ್ತೀರಿ, ಮತ್ತ ಒಬ್ಬರದೊಬ್ಬರಿಗೆ ಯಾಕ ತಿಳಿಯೂದಿಲ್ಲ?” ಎಂದು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅಂದಿನಿಂದ ಕೊಡುಕೊಳ್ಳುವ ವ್ಯವಹಾರ ಶುರುವಾಯಿತು. ಅವಳು ನನ್ನಿಂದ ಬೈಲಹೊಂಗಲದ ಇಂಗ್ಲಿಷ್ ಕಲಿತಳು, ನಾನು ಅವಳಿಂದ ಗ್ಲಾಸ್ಗೋದ್ದು. ಶಾಲೆಗೂ ಬರತೊಡಗಿದಳು. ಜಾಣೆ, ದೀಪಾವಳಿಯ ಹೊತ್ತಿಗೆಲ್ಲ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟುಕೊಂಡು ಬೇಕಾದಾಗ ಬೇಕಾದ್ದನ್ನು ತೆಗೆಯುತ್ತಿದ್ದಳು. ನಾನು ರಕಾರ ಉರುಳಿಸಲು ಕಲಿತೆ, ಟಕಾರ ನುಂಗಲು ಕಲಿತೆ. ಆದರೆ ಒಮ್ಮೆ ನುಂಗಿದ ಮೇಲೆ ಅದನ್ನು ಹೊರಗೆ ತೆಗೆಯುವ ವಿದ್ಯೆ ಮಾತ್ರ ನನಗೆ ಹತ್ತಲಿಲ್ಲ.

ಬೇಸಿಗೆಗೆ ಮುಂಚೆ ಇನ್‌ಸ್ಪೆಕ್ಟರರು ತಪಾಸಣೆಗೆ ಬಂದರು. ರೇಷ್ಮಾ ಎದ್ದು, ಒಂದೊಂದು ಅಕ್ಷರವನ್ನೂ ಎಣಿಸಿಕೊಟ್ಟಂತೆ, ಅಚ್ಚ ಬೈಲಹೊಂಗಲದ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ಸಾಹೇಬರು “ವೆರಿ ಗುಡ್!” ಎಂದು ತಲೆದೂಗಿದರು. ಆಮೇಲೆ ನನ್ನನ್ನು ಪಾಠ ಮಾಡಲು ಹೇಳಿದರು. ಹುರುಪಿನಿಂದ ಶುರುಮಾಡಿದೆ. ಅವರ ಹುಬ್ಬು ಮೇಲೇರಿತು, ಇಳಿಯಲೇ ಇಲ್ಲ. ಹೋಗುವಾಗ ವರಾಂಡದಲ್ಲಿ ನನ್ನ ಭುಜದ ಮೇಲೆ ಕೈಯಿಟ್ಟು, “ತಪ್ಪು ತಿಳೀಬ್ಯಾಡ್ರಿ ಮಾಸ್ತರ. ಆ ಹುಡುಗಿ ಕಡೆ ಸ್ವಲ್ಪ ಇಂಗ್ಲಿಷ್ ಕಲೀರಿ” ಎಂದರು.

ಕಲಿತದ್ದಕ್ಕೇ ಹೀಗಾಯಿತು ಸಾಹೇಬರೇ ಎಂದು ಹೇಳಬೇಕೆಂದಿದ್ದೆ. ಯಾವ ಊರಿನ ಇಂಗ್ಲಿಷಿನಲ್ಲಿ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವರ ಜೀಪು ಹೊರಟುಹೋಯಿತು.