ಕಮಲಾಪುರದಿಂದ ಹೊರಟ ಗಾಳಿ

ನಾನು ತಿಳಿದವನು ಎಂಬುದರಲ್ಲಿ ನನಗೆ ಎಂದೂ ಸಂಶಯ ಬಂದಿಲ್ಲ. ಸಂಶಯವೆಲ್ಲ ನಮ್ಮ ಮನೆಯವರಿಗೆ. ಹೋದ ಫ್ಯೂಸ್ ಹಾಕುವುದು, ಕಲ್ಲಂಗಡಿಯನ್ನು ಬೆರಳಿನಿಂದ ಬಡಿದು ಒಳಗೆ ಕೆಂಪೋ ಬಿಳಿಯೋ ಹೇಳುವುದು, ಮೋಡ ನೋಡಿ ಮಳೆಯ ಹೊತ್ತು ತಿಳಿಸುವುದು, ಇವೆಲ್ಲ ನನಗೆ ಯಾರೂ ಕಲಿಸದೆ ಬಂದ ವಿದ್ಯೆಗಳು. ನಾನು ಕೆಂಪು ಎಂದ ಹಣ್ಣು ಒಳಗೆ ಬಿಳಿಯಾಗಿದ್ದರೆ ಅದು ಹಣ್ಣಿನ ದೋಷ ಎಂದು ಇವತ್ತಿಗೂ ನಂಬಿದ್ದೇನೆ. ಇಂಥ ನನಗೆ ಒಂದು ಬೇಸಿಗೆಯ ರವಿವಾರ ಏನಾಯಿತು ಎಂಬುದನ್ನು ಬೇರೆಯವರು ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಆಗಿನ್ನೂ ಕಲಬುರಗಿಯ ನಮ್ಮ ಗಲ್ಲಿಗೆ ಕಂಪ್ಯೂಟರ್ ಬಂದ ಹೊಸತು. ಬಂದದ್ದು ನಮ್ಮ ಒಂದೇ ಮನೆಗೆ. ಅದಕ್ಕೊಂದು ಒಳಕೋಣೆ ಕೊಟ್ಟು, ಧೂಳು ಬೀಳದಂತೆ ಕಿಟಕಿ ಮುಚ್ಚಿ, ಚಪ್ಪಲಿ ಹೊರಗೆ ಬಿಡಿಸಿ, ಬಿಸಿಯಾಗದಂತೆ ಕೂಲರ್ ಹಚ್ಚಿ ಇಟ್ಟಿದ್ದೆ. 'ನಮ್ಮ ದೇವರಮನಿಗೂ ಇಷ್ಟು ಮಡಿ ಇಲ್ಲ' ಎಂದು ಹೆಂಡತಿ ಇಂದಿರಾ ಹೇಳುತ್ತಿದ್ದಳು. ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ಕುಯ್ಯೋ ಮರ್ರೋ ಎಂದು ಅತ್ತು, ಆಮೇಲೆ ಇಂಟರ್ನೆಟ್ ಹತ್ತುತ್ತಿತ್ತು. ಅದು ಹತ್ತಿದಷ್ಟು ಹೊತ್ತು ಮನೆಗೆ ಯಾರ ಫೋನೂ ಬರುವಂತಿರಲಿಲ್ಲ. ಇದನ್ನು ನಾನು ಒಂದು ಸೌಕರ್ಯವೆಂದೇ ತಿಳಿದಿದ್ದೆ.

ಇಂಟರ್ನೆಟ್ಟಿನಲ್ಲಿ ನನ್ನೊಡನೆ ಮಾತಾಡಲು ಇಡೀ ಜಗತ್ತಿನಲ್ಲಿ ಇದ್ದವನು ಒಬ್ಬನೇ, ಕಮಲಾಪುರದ ರಶೀದ. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಅವನದು ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತು, ಜೊತೆಗೆ ಝೆರಾಕ್ಸು, ಕಂಪ್ಯೂಟರು; ಮನೆಯ ಹಿಂದೆ ಒಂದು ತುಂಡು ಹೊಲದಲ್ಲಿ ಕೆಂಪು ಬಾಳೆ. ಎದುರು ಸಿಕ್ಕರೆ 'ಏ ವೆಂಕ್ಯಾ' ಎಂದು ಬೆನ್ನಿಗೆ ಗುದ್ದುವವನು ಕಂಪ್ಯೂಟರಿನ ಮುಂದೆ ಕೂತರೆ ಬೇರೆಯೇ ಮನುಷ್ಯ. ಬರೆಯುವ ಮಾತೆಲ್ಲ ಪತ್ರದ ಹಾಗೆಯೇ ಇರಬೇಕು ಎಂದು ಅವನಿಗೆ ಅವರ ಅಬ್ಬಾಜಾನ್ ಕಲಿಸಿದ್ದರು. ಆದ್ದರಿಂದ ಮೊದಲು ಸಲಾಮು, ಆಮೇಲೆ ಮನೆಮಂದಿಯ ಒಬ್ಬೊಬ್ಬರ ಕ್ಷೇಮ, ಅದಕ್ಕೆ ನನ್ನ ಉತ್ತರ, ಮತ್ತೆ ಅವರ ಮನೆಯವರ ಬಗ್ಗೆ ನನ್ನ ವಿಚಾರಣೆ. ಇದೆಲ್ಲ ಆದ ಮೇಲೆ ವಿಷಯ. ಇಷ್ಟನ್ನೂ ಅವನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನು, ಒಂದೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದಂತೆ ಟೈಪ್ ಮಾಡುತ್ತಿದ್ದ. ನನಗೆ ಎರಡು ಬೆರಳು ಬರುತ್ತಿತ್ತು, ಹೀಗಾಗಿ ನಾನು ಗುರು.

ಆ ವರ್ಷ ಮುಂಗಾರಿಗೆ ಮೊದಲಿನ ಗಾಳಿಮಳೆ ಎರಡು ಸಲ ಕಮಲಾಪುರದ ಕಡೆಯಿಂದಲೇ ಬಂದಿತ್ತು. ಮೊದಲು ಅಲ್ಲಿ, ಆಮೇಲೆ ಮಹಾಗಾಂವ, ಆಮೇಲೆ ನಮ್ಮ ಊರು, ಥೇಟ್ ಬಸ್ಸಿನ ಹಾಗೆ. ನನ್ನ ತಲೆ ಓಡಿತು. ಬಸ್ಸು ಹೊರಟದ್ದನ್ನು ರಶೀದ ಅಲ್ಲಿಂದ ತಿಳಿಸಿದರೆ ಅದು ಇಲ್ಲಿಗೆ ಮುಟ್ಟುವುದರೊಳಗೆ ನಾವು ಸಿದ್ಧರಾಗಿರಬಹುದಲ್ಲ! ಇಡೀ ಗಲ್ಲಿಗೆ ಈ ವ್ಯವಸ್ಥೆಯನ್ನು ಸಾರಿದೆ. 'ಇನ್ನ ಮ್ಯಾಲೆ ಗಾಳಿ ನನ್ನ ಕೇಳೇ ಬರಬೇಕು' ಎಂದೆ. ಇಂದಿರಾ ನನ್ನ ಮುಖವನ್ನು ಒಮ್ಮೆ ನೋಡಿ ಅಡುಗೆಮನೆಗೆ ಹೋದಳು.

ಬೇಸಿಗೆ ಎಂದರೆ ನಮ್ಮಲ್ಲಿ ಸಂಡಿಗೆ, ಹಪ್ಪಳ, ಶಾವಿಗೆಯ ಕಾಲ. ಗಲ್ಲಿಯಲ್ಲಿ ದೊಡ್ಡ ಮಾಳಿಗೆ ನಮ್ಮದಾದ್ದರಿಂದ ಎಂಟು ಮನೆಯ ವರ್ಷದ ಸಾಮಾನು ಅಲ್ಲೇ ಹಳೆಯ ಸೀರೆಗಳ ಮೇಲೆ ಒಣಗುತ್ತಿತ್ತು. ಅದರಲ್ಲಿ ಮುಖ್ಯವಾದದ್ದು ಪಕ್ಕದ ಮನೆಯ ಸುಮತಿ ಕಾಕು ಅವರ ಕುರಡಗಿ. ಗೋಧಿಯನ್ನು ಮೂರು ದಿನ ನೆನೆಸಿ, ಹಾಲು ತೆಗೆದು, ಕುದಿಸಿ, ಒತ್ತುಮಣೆಯಲ್ಲಿ ಎಳೆ ಎಳೆಯಾಗಿ ಒತ್ತಿ ಮಾಡುವ ಕೆಲಸ ಅದು. ಹುಮನಾಬಾದಿನಲ್ಲಿದ್ದ ಅವರ ಬಸುರಿ ಮಗಳು, ತನಗೆ ಅವ್ವನ ಕೈಯ ಕುರಡಗಿಯೇ ಬೇಕೆಂದು ಹೇಳಿ ಕಳಿಸಿದ್ದಳು. ಕಾಕು ಮೊಣಕಾಲು ನೋವಿನಲ್ಲೂ ನಮ್ಮ ಮಾಳಿಗೆಯ ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿ ಅದನ್ನು ಹರವಿದ್ದರು.

ಆ ರವಿವಾರ ಮಧ್ಯಾಹ್ನ ಸೂಪರ್ ಮಾರ್ಕೆಟಿನಲ್ಲಿ ಸೀರೆ ಸೇಲ್ ಇದೆಯೆಂದು ಎಂಟೂ ಮನೆಯ ಹೆಂಗಸರು ಎರಡು ಆಟೋ ಮಾಡಿಕೊಂಡು ಹೊರಟರು. ಕಾಕು ಆಟೋದಿಂದ ತಲೆ ಹೊರಗೆ ಹಾಕಿ, 'ವೆಂಕಣ್ಣಾ, ಮಾಳಿಗಿ ಮ್ಯಾಲೆ ಒಂದ್ ಕಣ್ಣಿಡಪಾ. ಮೋಡ ಮಾಡಿದಂಗ ಕಂಡ್ರ ಗಂಟು ಕಟ್ಟಿ ಒಳಗ ಇಡು' ಎಂದರು.

'ಕಣ್ಣ್ಯಾಕ್ರಿ ಕಾಕು, ಕಮಲಾಪುರದಾಗ ನನ್ನ ಮನಷ್ಯಾ ಕುಂತಾನ' ಎಂದು ನಾನು ಕೈ ಬೀಸಿದೆ.

ಬಾಗಿಲು ಹಾಕಿ, ಕೂಲರ್ ಹಚ್ಚಿ, ಇಂಟರ್ನೆಟ್ ಹತ್ತಿಸಿ, ಕಂಪ್ಯೂಟರಿನ ಮುಂದೆ ಕಾವಲು ಕೂತೆ. ನಾಲ್ಕು ಗಂಟೆಯ ಸುಮಾರಿಗೆ ರಶೀದ ಪರದೆಯ ಮೇಲೆ ಬಂದ. 'ಶ್ರೀ ವೆಂಕಟರಾವ್ ಅವರಿಗೆ ಸಲಾಂ. ನಾವಿಲ್ಲಿ ಖೈರಿಯತ್. ನಿಮ್ಮ ಖೈರಿಯತ್ ತಿಳಸ್ರಿ. ವೈನಿಯವರು ಆರಾಮೇನ್ರಿ?'

ನಾನೂ ಬಿಟ್ಟವನಲ್ಲ. ಎರಡು ಬೆರಳಿನವನು ಒಂದು ಬೆರಳಿನವನಿಗೆ ಮರ್ಯಾದೆಯಲ್ಲಿ ಸೋಲಬಾರದು. ವೈನಿ ಆರಾಮ, ಸೂಪರ್ ಮಾರ್ಕೆಟಿಗೆ ಹೋಗಿದ್ದಾರೆ, ಭಾಭಿ ಹೇಗಿದ್ದಾರೆ ಎಂದು ಕೇಳಿದೆ. ಭಾಭಿಯೂ ಆರಾಮ ಎಂದು ಬಂತು. ಆಮೇಲೆ, 'ಒಂದ್ ಅರ್ಜೆಂಟ್ ಮಾತ ಹೇಳೋದಿತ್ರಿ' ಎಂದು ಬಂತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. 'ಹೇಳೀರಂತ. ಮೊದಲ ಅಮ್ಮೀಜಾನ್ ಅವರ ಕಣ್ಣಿನ ಆಪರೇಶನ್ ಹ್ಯಾಂಗಾತು ಅದನ್ನ ಹೇಳ್ರಿ' ಎಂದು ಬರೆದೆ. ಹಿರಿಯರ ಬಗ್ಗೆ ಕೇಳಿದರೆ ರಶೀದ ಅರ್ಧಕ್ಕೆ ಬಿಡುವವನಲ್ಲ. ಪಟ್ಟಿ ಬಿಚ್ಚಿದ್ದು, ದಿನಕ್ಕೆ ಮೂರು ಸಲ ಹನಿ ಹಾಕುವುದು, ಅಮ್ಮೀಜಾನ್ ಈಗ ಓಣಿಯ ತುದಿಯಲ್ಲಿರುವ ಆಡು ಯಾರ ಮನೆಯದೆಂದು ಕೂತಲ್ಲಿಂದಲೇ ಹೇಳುವುದು, ಎಲ್ಲವೂ ಒಂದೊಂದೇ ಅಕ್ಷರವಾಗಿ ಬಂತು. ಅವರ ತಾಯಿಯನ್ನು ಕೇಳಿದ ಮೇಲೆ ನಮ್ಮ ತಾಯಿಯನ್ನು ಅವನು ಕೇಳದಿದ್ದರೆ ಹೇಗೆ? ಕೇಳಿದ. ನಾನು ಅವಳ ಸಕ್ಕರೆ ಕಾಯಿಲೆಯನ್ನು ಸವಿಸ್ತಾರವಾಗಿ ವರ್ಣಿಸಿದೆ. 'ಚಹಾ ಆತೇನ್ರಿ?' ಎಂದ. ಆಯಿತೆಂದೆ, ಅವರದು ಆಯಿತೇ ಎಂದು ಕೇಳಿದೆ. ಕೊನೆಗೆ, 'ಈಗ ಮಾತಿಗೆ ಬರ್ತೀನ್ರಿ' ಎಂದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು ಶಬ್ದ ಬಂತು: 'ಗಾಳಿ'.

ಅಷ್ಟಕ್ಕೆ ಕರೆಂಟು ಹೋಯಿತು. ಕಂಪ್ಯೂಟರು ಕಪ್ಪಾಯಿತು, ಕೂಲರಿನ ಸದ್ದು ನಿಂತಿತು, ಮತ್ತು ಆ ಸದ್ದಿನ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಕೇಳಿಸಿತು. ಬರಿಗಾಲಲ್ಲಿ ಮಾಳಿಗೆಗೆ ಓಡಿದೆ. ಆಕಾಶ ಕೆಂಪು ಮಣ್ಣಾಗಿತ್ತು. ಹಪ್ಪಳಗಳು ಗುಂಪು ಕಟ್ಟಿಕೊಂಡು ಕೋಟನೂರಿನ ಕಡೆಗೆ ಹೊರಟಿದ್ದವು. ಕಾಕು ಅವರ ಸೀರೆ ತನ್ನ ಮೈಮೇಲಿನ ಕುರಡಗಿಯನ್ನೆಲ್ಲ ಗಲ್ಲಿಗೆ ಚೆಲ್ಲಿ ಎದುರಿನ ಬೇವಿನ ಮರದ ತಲೆಗೆ ಸುತ್ತಿಕೊಂಡಿತ್ತು. ನಾನು ಒಂದು ಸೀರೆ ಹಿಡಿಯಲು ಹೋದರೆ ಇನ್ನೆರಡು ಏಳುತ್ತಿದ್ದವು. ಆಮೇಲೆ ದಪ್ಪ ಹನಿಯ ಮಳೆ ಬಂದು, ಉಳಿದದ್ದನ್ನು ಮತ್ತೆ ಹಿಟ್ಟು ಮಾಡಿತು.

ಹೆಂಗಸರು ಬಂದಾಗ ನನ್ನ ಕೈಯಲ್ಲಿ ಒಂದು ಕುರಡಗಿ ಇತ್ತು. 'ಐದ್ ಸಲ ಫೋನ್ ಹಚ್ಚೀನ್ರಿ. ಸೂಪರ್ ಮಾರ್ಕೆಟಿನಾಗ ಧೂಳ ಕಂಡ ಕೂಡ್ಲೇ ಹಚ್ಚೀನಿ. ಐದೂ ಸಲ ಎಂಗೇಜ್' ಎಂದಳು ಇಂದಿರಾ. ಕಾಕು ಬಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತು, 'ಹುಡುಗಿ ಬಾಯಿಬಿಟ್ಟು ಕೇಳಿದ್ಳು' ಎಂದರು, ಅಷ್ಟೇ. ಬಯ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ನಾಚಿಕೆ ನನಗೆ ಅಪರೂಪ, ಅವತ್ತು ಆಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರಶೀದ ಬಂದ, ಹೆಗಲ ಮೇಲೆ ಗೋಣಿಚೀಲ ತುಂಬ ಕೆಂಪು ಬಾಳೆ. ತಪ್ಪೆಲ್ಲ ಇವನದೇ ಎಂದು ಗಲ್ಲಿಗೆ ತೋರಿಸಲು ಒಳ್ಳೆಯ ಸಮಯವೆಂದು ನಾನು ಎಂಟೂ ಹೆಂಗಸರನ್ನು ಕರೆಸಿದೆ. ಅವನು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಮಾತಾಡಿಸಿದ. 'ಕಾಕು, ಮೊಣಕಾಲ ಹ್ಯಾಂಗ ಅದಾವ್ರಿ? ಹೋದ ಸಲ ಬಂದಾಗ ಎಡಗಾಲು ಭಾಳ ತ್ರಾಸ ಕೊಡಾಕತ್ತಿತ್ತಲ್ರಿ?' ಎಂದ. ಕಾಕು ಅವರ ಮುಖ ಅರಳಿತು. 'ನೋಡು, ಇವಂಗ ನೆನಪದ. ಗ್ವಾಡಿ ಆಚಿಗೆ ಹನ್ನೆರಡ್ ವರ್ಷದಿಂದ ಇದ್ದಾವ ಒಂದ್ ದಿನಾ ಕೇಳಿಲ್ಲ' ಎಂದರು. ಸಭೆ ನಾನು ಕರೆದದ್ದು, ತೀರ್ಪು ಅವನ ಕಡೆಗಾಯಿತು. ಒಂದು ಗೊನೆ ಹುಮನಾಬಾದಿನ ಮಗಳಿಗೆ ಎಂದು ಎತ್ತಿಟ್ಟರು; ಹೊಸ ಗೋಧಿ ಅದೇ ದಿನ ನೆನೆಯಲು ಬಿತ್ತು.

ಅವರೆಲ್ಲ ಹೋದ ಮೇಲೆ, 'ಇಷ್ಟ್ಯಾಕ ಬಾಳಿ ಹೊತ್ಕೊಂಡ್ ಬಂದಿಯೋ?' ಎಂದೆ.

'ಬಿದ್ದಾವಪಾ ವೆಂಕ್ಯಾ' ಎಂದ ರಶೀದ. 'ಅರ್ಧ ಬಾಳಿ ನೆಲಕ್ಕ ಮಲಗ್ಯಾವ. ನಿನಗ ಒಂದ್ ಮಾತ ತಿಳಿಸಿ ಆಮ್ಯಾಲ ಹೋಗಿ ಬೊಂಬಿನ ಆಸರ ಕೊಡೂಣಂತ ಕುಂತೆ. ಮಾತ ಬೆಳೀತು.'

ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಗಾಳಿ ಎಂದರೆ ಮೊದಲು ಬೀಳುವುದು ಬಾಳೆ ಎಂಬುದು ಮೋಡದ ಪಂಡಿತನಾದ ನನಗೆ ಗೊತ್ತಿರಬೇಕಿತ್ತು. ಅಷ್ಟು ಹೊತ್ತು ಅವನ ಮನೆಯ ಎಲ್ಲರನ್ನೂ ಕೇಳಿದೆ, ಓಣಿಯ ಆಡಿನ ತನಕ ಮಾತಾಡಿದೆ, ಬಾಳೆಯನ್ನು ಮಾತ್ರ ಕೇಳಲಿಲ್ಲ.

ಎರಡನೆಯ ಸಲದ ಕುರಡಗಿಗೆ ಗಲ್ಲಿಯವರು ಇಂಟರ್ನೆಟ್ಟನ್ನು ನಂಬಲಿಲ್ಲ. ನನ್ನನ್ನೇ ಕೊಡೆ, ಕೋಲು ಸಮೇತ ಮಾಳಿಗೆಯ ಮೇಲೆ ಕೂರಿಸಿದರು. ಆಕಾಶ ತಿಳಿಯಾಗಿತ್ತು, ಎಲೆ ಅಲುಗುತ್ತಿರಲಿಲ್ಲ. ಇಂಥ ಕೆಲಸ ನನ್ನಷ್ಟು ಚೆನ್ನಾಗಿ ಮಾಡುವವರಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಕಾಕು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ನಾನು ಈಗ ಪಾಠ ಕಲಿತವನು. ಎದ್ದು ನಿಂತು, ಕುರ್ಚಿ ಕೊಟ್ಟು, 'ಕಾಕು, ಮೊಣಕಾಲ ಹ್ಯಾಂಗ ಅದಾವ್ರಿ?' ಎಂದು ಕೇಳಿದೆ. ಕಾಕುಗೆ ಎಷ್ಟು ಸಂತೋಷವಾಯಿತೆಂದರೆ ಎಡಗಾಲಿನಿಂದ ಶುರು ಮಾಡಿದರು. ಬಲಗಾಲಿಗೆ ಬರುವ ಹೊತ್ತಿಗೆ ನನ್ನ ಬೆನ್ನ ಹಿಂದೆ ಕಾಗೆಗಳು ಇಳಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಆದರೆ ಹಿರಿಯರು ತಮ್ಮ ಆರೋಗ್ಯದ ಮಾತು ಹೇಳುತ್ತಿರುವಾಗ ನಡುವೆ ತಿರುಗಿ ನೋಡುವುದು ಹೇಗೆ?